ಡಬ್ಬಿಯೊಳಗಿನ ಬಿಲ್ಲೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಬಟ್ಟೆ ಒಗೆಯುವ ಕೋಣೆ. ಮೇಲಿನ ವಾರ್ಡುಗಳ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಒಂದು ತಗಡಿನ ಕೊಳವೆಯಲ್ಲಿ ಜಾರಿಕೊಂಡು ಬಂದು ನಮ್ಮ ಮುಂದೆ ಧೊಪ್ಪನೆ ಬೀಳುತ್ತಿದ್ದವು. ನಾನು ಅವನ್ನು ವಿಂಗಡಿಸುವ ಮೇಜಿನ ಬಳಿ ಇರುತ್ತಿದ್ದೆ. ನನ್ನ ತಂಗಿ ಒಗೆಯುವ ಯಂತ್ರಗಳ ಬಳಿ. ನಡುವೆ ಸದಾ ಹಬೆ. ಹಬೆಯಾಚೆ ಅವಳ ಮುಖ ಕಾಣದಿದ್ದರೂ ನಡಿಗೆಯಿಂದ ಗುರುತು ಹತ್ತುತ್ತಿತ್ತು. ಅವಳದು ನಡಿಗೆಯಲ್ಲ, ಕುಪ್ಪಳಿಸುವುದು. ಅದಕ್ಕೇ ಅವಳ ಗಂಡ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಕರೆದದ್ದು, ತಲೆ ನರೆತ ಮೇಲೂ ಬಿಡಲಿಲ್ಲ.

ಅವನು ಅದೇ ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ. ಕಬ್ಬಿಣದ ಮಡಚುವ ಬಾಗಿಲಿದ್ದ ಕಾಲದಿಂದಲೂ ಅದರೊಳಗೆ ಒಂದು ಸ್ಟೂಲು ಹಾಕಿಕೊಂಡು ಕೂತವನು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವನು ಲಿಫ್ಟಣ್ಣ. ದೊಡ್ಡ ಡಾಕ್ಟರಿಗೂ ಅವನು ಹೆದರುತ್ತಿರಲಿಲ್ಲ. "ನೀವು ಎಷ್ಟೇ ಓದಿರಿ ಸಾರ್, ದಿನಾ ಬೆಳಿಗ್ಗೆ ನಿಮ್ಮನ್ನ ಮೇಲಕ್ಕೆತ್ತೋನು ನಾನೇ" ಎಂದು ನಗಿಸುತ್ತಿದ್ದ. ಆಮೇಲೆ ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟ್ ಬಂತು. ಇವನ ಸ್ಟೂಲನ್ನು ತೆಗೆಯಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ಅವನಿಗೊಂದು ಪದ್ಧತಿಯಿತ್ತು. ಖಾಲಿ ಲಿಫ್ಟಿನಲ್ಲಿ ಒಬ್ಬನೇ ಹೋಗುತ್ತಿರಲಿಲ್ಲ. ಮೇಲಿನ ಮಹಡಿಯಿಂದ ಕರೆ ಬಂದು ಕೆಳಗೆ ಯಾರೂ ಇಲ್ಲದಿದ್ದರೆ ನಮ್ಮ ಕೋಣೆಗೆ ಬಂದು ಇಣುಕುತ್ತಿದ್ದ.

"ಅಕ್ಕಾ, ಒಂದು ಸುತ್ತು ಬರ್ತೀಯಾ?"

"ನನಗೆ ಕೆಲಸ ಇದೆಯಪ್ಪ. ಒಬ್ಬನೇ ಹೋಗೋಕೆ ನಿನಗೇನು ಬಂದಿದೆ?"

"ಹಗ್ಗ ಕಿತ್ತುಹೋದ್ರೆ? ಬೀಳೋವಾಗ ಮಾತಾಡೋಕೆ ಜೊತೇಲಿ ಯಾರಾದ್ರೂ ಬೇಡ್ವಾ?"

ನಾನು ಬೈಯುತ್ತಲೇ ಹೋಗುತ್ತಿದ್ದೆ. ಎಷ್ಟು ಸಲ ಹಾಗೆ ಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದಿದ್ದೇನೋ ಲೆಕ್ಕವಿಲ್ಲ.

ಅವನ ಶ್ವಾಸಕೋಶ ಕೆಟ್ಟಿತು. ಮೊದಲು ಕೆಮ್ಮು, ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಮೇಲಿನ ಮಹಡಿಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ ಕೊಟ್ಟರು. ಮೂಗಿಗೆ ನಳಿಗೆ ಹಾಕಿದರು. ಅವನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಅವನದೇ ಲಿಫ್ಟಿನಲ್ಲಿ ಕರೆದುಕೊಂಡು ಹೋಗುವಾಗ, "ಮೊದಲನೇ ಸಲ ಮಲಗಿಕೊಂಡು ಡ್ಯೂಟಿ ಮಾಡ್ತಿದ್ದೀನಿ" ಎಂದ. ಎಲ್ಲರೂ ನಕ್ಕರು. ನನ್ನ ತಂಗಿ ನಗಲಿಲ್ಲ.

ಆ ಸಂಜೆ ಅವನು ಅವಳ ಕೈ ಹಿಡಿದುಕೊಂಡು ಹೇಳಿದ್ದನ್ನು ಪಕ್ಕದಲ್ಲಿ ಕೂತು ನಾನೂ ಕೇಳಿದೆ.

"ಗುಬ್ಬೀ, ಕೊನೇ ಸುತ್ತಿಗೆ ನೀನು ಜೊತೇಲಿರ್ಬೇಕು. ಒಬ್ಬನ್ನೇ ಕಳಿಸ್ಬೇಡ."

"ಹುಚ್ಚುಹುಚ್ಚಾಗಿ ಮಾತಾಡ್ಬೇಡಿ ನೀವು."

"ಇರ್ತೀಯೋ ಇಲ್ವೋ ಹೇಳು."

ಅವಳು ಇನ್ನೊಂದು ಕೈಯಿಂದ ಅವನ ಹೊದಿಕೆ ಸರಿಮಾಡಿ, "ಇರ್ತೀನಿ ರೀ" ಎಂದಳು. ಆ ಮೇಲೆ ಅವಳು ಬದುಕಿದ್ದು ಆ ಒಂದು ಮಾತಿಗಾಗಿ. ಅವನು ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೋಗುವ ಹೊತ್ತಿಗೆ ತಾನು ಅಲ್ಲಿರಬೇಕು, ಅಷ್ಟೇ.

ಆದರೆ ಆ ಹೊತ್ತು ಯಾವುದು ಎಂದು ಹೇಳುವವರು ಯಾರು? ವಾರವಾಗಬಹುದು, ತಿಂಗಳುಗಳೂ ಆಗಬಹುದು ಎಂದರು ಡಾಕ್ಟರು. ಅವಳ ರಜೆಯೆಲ್ಲ ಮೊದಲ ಸುತ್ತಿನ ಕಾಯಿಲೆಗೇ ಮುಗಿದಿತ್ತು. ನಮ್ಮ ಮೇಸ್ತ್ರಿ ಬಾಯಿ ಜೋರಿನ ಮನುಷ್ಯ, ಹೊಟ್ಟೆಯೊಳಗೆ ವಿಷವಿಲ್ಲ. ಅವಳನ್ನು ಕರೆದು ಹೇಳಿದ: "ನೋಡಮ್ಮ, ನೀನು ಕೆಳಗೆ ಕೆಲಸ ಮಾಡ್ತಾ ಇರು. ಬಿಲ್ಲೆ ಕೂಗಿದ್ರೆ ಬಿದ್ದು ಓಡು. ನನ್ನನ್ನ ಕೇಳ್ತಾ ನಿಂತ್ಕೋಬೇಡ."

ಬಿಲ್ಲೆ ಎಂದರೆ ನಮ್ಮ ಕೊರಳಿಗೆ ನೇತುಹಾಕಿದ್ದ ಕರೆಯಂತ್ರ. ಬೆಂಕಿಪೊಟ್ಟಣದಷ್ಟು ದೊಡ್ಡದು; ಬಂದ ಕರೆ ಅದರ ಮುಖದ ಮೇಲೆ ಅಕ್ಷರದಲ್ಲಿ ಮೂಡಿ ನಿಲ್ಲುತ್ತಿತ್ತು. ಮೊದಲು ಗೋಡೆಯ ಮೇಲೆ ಒಂದು ಸ್ಪೀಕರಿತ್ತು; ಯಂತ್ರಗಳ ಗದ್ದಲದಲ್ಲಿ ಅದು ಹಾಡುತ್ತಿದೆಯೋ ಅಳುತ್ತಿದೆಯೋ ತಿಳಿಯುತ್ತಿರಲಿಲ್ಲ. ಅದನ್ನು ಕಿತ್ತು, ಚಾವಣಿಗೆ ಒಂದು ಬಿಳಿ ಪೆಟ್ಟಿಗೆ ಬಡಿದು, ನಮಗೆಲ್ಲ ಒಂದೊಂದು ಬಿಲ್ಲೆ ಕೊಟ್ಟರು. ವಾರ್ಡಿನಲ್ಲಿ ನರ್ಸಮ್ಮ ಯಾರ ಹೆಸರಿನ ಗುಂಡಿ ಒತ್ತಿದರೆ ಇಲ್ಲಿ ಅವರ ಎದೆಯ ಮೇಲೆ ಮಾತ್ರ ಅದು ಕೀ ಕೀ ಎನ್ನುತ್ತಿತ್ತು. ತಂತಿಯಿಲ್ಲ, ಏನಿಲ್ಲ.

ಅದನ್ನು ಕೂಡಿಸಿದವಳು ಒಬ್ಬಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾವು ಅವಳನ್ನು ಸಿಗ್ನಲ್ ಹುಡುಗಿ ಎನ್ನುತ್ತಿದ್ದೆವು. ಸದಾ ಏಣಿಯ ಮೇಲೇ ಇರುತ್ತಿದ್ದಳು. ಯಾರು ಏನು ಕೇಳಿದರೂ ಬೇಸರಿಸದೆ ಹೇಳುತ್ತಿದ್ದಳು. ನನ್ನ ತಂಗಿ ಕೆಲಸ ಬಿಟ್ಟು ಅವಳ ಏಣಿಯ ಬುಡಕ್ಕೆ ಹೋಗಿ ನಿಂತಳು.

"ಇದು ಯಾವಾಗ್ಲೂ ಎಚ್ಚರ ಇರುತ್ತಾ ಮಗಳೇ?"

"ಇಲ್ಲ ಅಮ್ಮ. ನಿದ್ದೆ ಮಾಡುತ್ತೆ."

ತಂಗಿಯ ಮುಖ ಕಳೆಗುಂದಿತು. "ನಿದ್ದೆ ಮಾಡುತ್ತಾ?"

ಹುಡುಗಿ ಏಣಿಯಿಂದ ಇಳಿದಳು. "ಮಾಡ್ಲೇಬೇಕು. ಇಡೀ ದಿನ ಎಚ್ಚರ ಇದ್ರೆ ಬ್ಯಾಟರಿ ಮಧ್ಯಾಹ್ನಕ್ಕೇ ಸತ್ತುಹೋಗುತ್ತೆ. ಆದ್ರೆ ಹೇಳ್ದೆ ಕೇಳ್ದೆ ಮಲಗಲ್ಲ. ಮಲಗೋ ಮೊದಲು ಮೇಲಿರೋ ಪೆಟ್ಟಿಗೆಗೆ ಹೇಳುತ್ತೆ: ನಾನು ಕಣ್ಣು ಮುಚ್ತೀನಿ, ನನಗೇನಾದ್ರೂ ಬಂದ್ರೆ ಎತ್ತಿಟ್ಟಿರು ಅಂತ. ಪೆಟ್ಟಿಗೆ ಎತ್ತಿಟ್ಕೊಳ್ಳುತ್ತೆ. ಆಗಾಗ ಎಲ್ರಿಗೂ ಕೇಳೋ ಹಾಗೆ ಕೂಗುತ್ತೆ, ಇಂಥಿಂಥವರಿಗೆ ಕರೆ ಬಂದಿದೆ ಅಂತ. ಆ ಕೂಗು ಬೀಳೋ ಹೊತ್ತು ಬಿಲ್ಲೆಗೆ ಗೊತ್ತಿರುತ್ತೆ. ಸರಿಯಾಗಿ ಆಗ ಎದ್ದು ಕಿವಿಗೊಡುತ್ತೆ. ತನ್ನ ಹೆಸರಿದ್ರೆ, ಕೊಡು ಅಂತ ಇಸ್ಕೊಳ್ಳುತ್ತೆ. ಇಲ್ಲಾಂದ್ರೆ ಮಗ್ಗಲು ಬದಲಾಯಿಸಿ ಮತ್ತೆ ಮಲಗುತ್ತೆ. ಇದೆಲ್ಲ ನೀವು ಕಣ್ಣು ಮಿಟುಕಿಸೋಷ್ಟರಲ್ಲಿ ಆಗಿಹೋಗುತ್ತೆ."

ತಂಗಿ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. "ಬಾಣಂತಿ ನಿದ್ದೆ ಅನ್ನು. ಮಗು ಕುಂಯ್ ಅಂದ್ರೆ ಎಚ್ಚರ ಆಗೋ ಥರ."

"ಹೂಂ, ಹಾಗೇ."

"ಇದು ಇಸ್ಕೊಳ್ಳೋಕೆ ಬರ್ದೇ ಇದ್ರೆ? ಪೆಟ್ಟಿಗೆ ಎಷ್ಟು ಹೊತ್ತು ಇಟ್ಕೊಂಡಿರುತ್ತೆ?"

"ಸ್ವಲ್ಪ ಹೊತ್ತು ಅಷ್ಟೇ ಅಮ್ಮ. ಅದಕ್ಕೂ ಜಾಗ ಬೇಕಲ್ವಾ? ಎಲ್ಲರ ಕರೆಯನ್ನೂ ಅದೇ ಇಟ್ಕೋಬೇಕು. ಕೇಳೋರು ಬರ್ಲಿಲ್ಲ ಅಂದ್ರೆ ಬಿಸಾಕುತ್ತೆ. ಬಹಳ ಹೊತ್ತಾದ್ರೂ ಈ ಬಿಲ್ಲೆ ಕಡೆಯಿಂದ ಸದ್ದೇ ಇಲ್ಲ ಅಂದ್ರೆ, ಇವರು ಎದ್ದುಹೋದ್ರು ಅಂತ ಕೈಬಿಡುತ್ತೆ."

"ಬಿಸಾಕಿದ್ಮೇಲೆ, ನಿನಗೊಂದು ಕರೆ ಬಂದಿತ್ತು ಅಂತಾನಾದ್ರೂ ಹೇಳುತ್ತಾ?"

"ಇಲ್ಲ. ಇದಕ್ಕೆ ಗೊತ್ತೇ ಆಗಲ್ಲ." ಹುಡುಗಿಗೆ ಅವಳ ಮುಖ ನೋಡಿ ಏನನ್ನಿಸಿತೋ, ಭುಜ ತಟ್ಟಿದಳು. "ಹಾಗೆಲ್ಲ ಆಗಲ್ಲ ಅಮ್ಮ. ಕೊರಳಲ್ಲಿ ಇಟ್ಕೊಂಡಿರಿ. ಒಂದು ಮಾತ್ರ ನೆನಪಿಡಿ, ನೀರು ತಾಗಿಸ್ಬೇಡಿ. ಒಳಗೆ ನೀರು ಹೋದ್ರೆ ಮುಗೀತು. ಇನ್ನೊಂದು ಬರೋಕೆ ವಾರಗಟ್ಟಲೆ ಆಗುತ್ತೆ."

ಇಸ್ತ್ರಿ ಯಂತ್ರದ ಬಳಿಯಿದ್ದ ಅಜ್ಜಿ, ನನಗಿಂತ ದೊಡ್ಡವಳು, ಕೂಗಿದಳು: "ಬಟ್ಟೆ ಒಗೆಯೋರಿಗೆ ನೀರು ತಾಗಿಸ್ಬೇಡಿ ಅಂತಾಳಲ್ಲೇ! ಮೀನಿಗೂ ಹೋಗಿ ಹೇಳ್ತಾಳೇನೋ!"

ಎಲ್ಲರೂ ನಕ್ಕೆವು. ಆದರೆ ನನ್ನ ತಂಗಿ ಆ ಮಾತನ್ನು ನುಂಗಿ ಇಟ್ಟುಕೊಂಡಳು. ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲೆಯನ್ನು ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತಿ, ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಅದು ಕೂಗಿದಾಗಲೆಲ್ಲ ಅವಳ ಬಣ್ಣ ಹೋಗುತ್ತಿತ್ತು. ಹೆಚ್ಚಿನ ಸಲ ಅದು ಹೊದಿಕೆ ಕಳಿಸಿ ಎಂಬ ಕರೆ. ಎರಡು ಸಲ ನಿಜವಾಗಿಯೂ ಅವನ ವಾರ್ಡಿನಿಂದ ಬಂದಿತ್ತು. ಎರಡು ಸಲವೂ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು. ಎರಡು ಸಲವೂ ಅವನು ಚೇತರಿಸಿಕೊಂಡು, "ಸುಮ್ನೆ ಪರೀಕ್ಷೆ ಮಾಡ್ದೆ ಗುಬ್ಬಿ, ಬರ್ತೀಯೋ ಇಲ್ವೋ ಅಂತ" ಎಂದ. ಆ ವಾರ್ಡಿನ ನರ್ಸಮ್ಮ, ಉದ್ದನೆಯ ಹೆಂಗಸು, ಮಾತು ಕಮ್ಮಿ, ಅವನ ಬೆನ್ನಿಗೆ ದಿಂಬು ಕೊಡುತ್ತ, "ನಿಮ್ಮವರಿಗೆ ಗುಂಡಿ ಒತ್ತೋ ಅಭ್ಯಾಸ ಹೋಗಿಲ್ಲ, ನನ್ನ ಕೈಲಿ ಒತ್ತಿಸ್ತಾರೆ" ಎಂದಳು. ನನ್ನ ತಂಗಿಗೆ ಅವಳೆಂದರೆ ಆಗ ಪ್ರಾಣ.

ನಮ್ಮ ಕೋಣೆಯಲ್ಲಿ ಒಂದು ರೂಢಿಯಿತ್ತು. ಯಂತ್ರ ಕೆಟ್ಟು ಕೈಯಲ್ಲೇ ಒಗೆಯಬೇಕಾಗಿ ಬಂದಾಗ, ಬ್ಲೀಚಿನ ನೀರಿಗೆ ಇಳಿಯುವ ಮೊದಲು ಉಂಗುರ, ಗಡಿಯಾರ, ಕನ್ನಡಕ, ಎಲ್ಲವನ್ನೂ ಊಟದ ಸ್ಟೀಲು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿ ಇಡುತ್ತಿದ್ದೆವು. ಆ ಕೋಣೆಯಲ್ಲಿ ನೀರು, ಹಬೆ, ಸಾಬೂನು ನುಗ್ಗದ ಜಾಗ ಇದ್ದರೆ ಅದು ಊಟದ ಡಬ್ಬಿ ಒಂದೇ. ನಾವು ಸೇರುವ ಮೊದಲಿನಿಂದಲೂ ನಡೆದುಬಂದದ್ದು ಅದು. ಯಾರದೂ ಒಂದು ಉಂಗುರವೂ ಕೆಟ್ಟದ್ದಿಲ್ಲ.

ಆ ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ದೊಡ್ಡ ಯಂತ್ರದ ಹಿಂದಿನ ಕೊಳವೆ ಸಿಡಿಯಿತು. ನೀರು ಚಾವಣಿಗೆ ಚಿಮ್ಮಿ ಎಲ್ಲರ ಮೇಲೂ ಸುರಿಯಿತು. ಮೇಸ್ತ್ರಿ ಕೂಗುತ್ತ ಕವಾಟ ತಿರುಗಿಸಲು ಹೋದ, ಅದು ತಿರುಗಲಿಲ್ಲ. ಅಜ್ಜಿ ಬಕೆಟ್ಟು ಹಿಡಿದಳು. ನಾನು ಒಗೆದ ಬಟ್ಟೆಗಳನ್ನು ಎತ್ತರಕ್ಕೆ ಎತ್ತಿಡುತ್ತಿದ್ದೆ. ತಂಗಿ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ಎರಡೂ ಕೈ ಎದೆಗೆ ಒತ್ತಿಕೊಂಡು ನನ್ನ ಬಳಿ ಓಡಿಬಂದಳು.

"ಅಕ್ಕಾ, ಇದು ಒದ್ದೆಯಾಗುತ್ತೆ. ಏನ್ಮಾಡ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಅವಳಿಗೇ ಹೊಳೆಯಿತು. ಕಪಾಟಿನ ಮೇಲಿದ್ದ ತನ್ನ ಡಬ್ಬಿಯ ಊಟವನ್ನು ನನ್ನ ಡಬ್ಬಿಗೆ ಸುರಿದಳು. ಡಬ್ಬಿಯ ಒಳಗನ್ನು ಒಣ ಟವೆಲಿನಿಂದ ಒರೆಸಿದಳು, ಬಿಲ್ಲೆಯನ್ನು ಇಟ್ಟಳು, ಮುಚ್ಚಳ ಒತ್ತಿದಳು. ಡಬ್ಬಿಯನ್ನು ಆ ಬಿಳಿ ಪೆಟ್ಟಿಗೆಯ ನೇರ ಕೆಳಗೆ, ಎತ್ತರದ ಹಲಗೆಯ ಮೇಲೆ ಇಟ್ಟಳು.

"ಇಲ್ಲಿದ್ರೆ ಹತ್ರ. ಚೆನ್ನಾಗಿ ಕೇಳಿಸುತ್ತೆ ಅದಕ್ಕೆ" ಎಂದಳು.

ನನಗೂ ಹಾಗೇ ಅನ್ನಿಸಿತು. ಆ ಕೋಣೆಯಲ್ಲಿದ್ದ ಯಾರಿಗೇ ಆದರೂ ಹಾಗೇ ಅನ್ನಿಸುತ್ತಿತ್ತು.

ನೀರು ನಿಲ್ಲಿಸಿ, ನೆಲ ಬಳಿದು, ತೊಯ್ದದ್ದನ್ನೆಲ್ಲ ಹಿಂಡುವಷ್ಟರಲ್ಲಿ ಊಟದ ಹೊತ್ತು ಕಳೆದುಹೋಯಿತು. ಅವಳು ನಡುನಡುವೆ ಬಂದು ಡಬ್ಬಿಯ ಮುಚ್ಚಳಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದಳು. ಒದ್ದೆ ಕೈಯಲ್ಲಿ ತೆರೆಯಲು ಹೆದರಿಕೆ. ಒಮ್ಮೆ ನಾನೇ, "ಏನಾದ್ರೂ ಕೇಳಿಸ್ತಾ?" ಎಂದು ಕೇಳಿದೆ. ತಲೆಯಾಡಿಸಿ, "ಇಲ್ಲ. ಇವತ್ತು ಆರಾಮಾಗಿದ್ದಾರೆ ಅನ್ಸುತ್ತೆ" ಎಂದು ನಕ್ಕಳು. ಆ ನಗುವನ್ನು ನಾನು ಮರೆಯಲಾರೆ.

ಆಗ ಮೇಲಿನ ವಾರ್ಡಿನ ಕಸ ಗುಡಿಸುವವಳು ಮೆಟ್ಟಿಲಿಳಿದು ಓಡಿಬಂದಳು. ಅವಳು ಏನಾದರೂ ಹೇಳುವ ಮೊದಲೇ ತಂಗಿ ಅವಳನ್ನು ದಾಟಿ ಹೋಗಿದ್ದಳು. ಹೋಗುವಾಗ ಕೈ ಚಾಚಿ ಡಬ್ಬಿಯನ್ನು ಎತ್ತಿಕೊಂಡಳು.

ನಾನು ಹೋಗುವಷ್ಟರಲ್ಲಿ ಅವನ ಮೂಗಿನ ನಳಿಗೆ ತೆಗೆದಿದ್ದರು. ಮುಖ ಸುಮ್ಮನೆ ಮಲಗಿದವನ ಹಾಗಿತ್ತು. ತಂಗಿ ಮಂಚದ ಪಕ್ಕ ಡಬ್ಬಿ ತೆರೆದು ಬಿಲ್ಲೆಯನ್ನು ಅಂಗೈ ಮೇಲೆ ಹಿಡಿದು ನಿಂತಿದ್ದಳು. ಅದರ ಮೇಲೆ ಏನೂ ಇರಲಿಲ್ಲ. ಒಂದು ಕರೆಯೂ ಇಲ್ಲ. ಹಸಿರು ದೀಪ ಎಂದಿನಂತೆ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿತ್ತು.

"ನನ್ನನ್ನ ಕರೀಲಿಲ್ಲ" ಎಂದಳು.

ಉದ್ದ ನರ್ಸಮ್ಮ ಮಂಚದ ಆ ಬದಿಯಲ್ಲಿದ್ದಳು. "ಕರೆದೆ ಅಮ್ಮ. ಒಂದೇ ಸಮ ಕರೀತಾನೇ ಇದ್ದೆ. ವಾರ್ಡಲ್ಲಿ ನಾನೊಬ್ಬಳೇ ಇದ್ದೆ, ಇವರನ್ನ ಬಿಟ್ಟು ಬರೋ ಹಾಗಿರ್ಲಿಲ್ಲ. ಯಾರಾದ್ರೂ ಬಂದ ಕೂಡ್ಲೇ ಕಳಿಸ್ದೆ."

"ಸುಳ್ಳು. ನೋಡು. ಇಲ್ಲಿ ನೋಡು. ಏನಿದೆ ಇದರಲ್ಲಿ? ಸುಳ್ಳು ಹೇಳ್ತೀಯಾ ಸತ್ತವರ ಎದುರಿಗೆ?"

ನರ್ಸಮ್ಮ ಬಿಲ್ಲೆ ನೋಡಿದಳು, ಇನ್ನೊಂದು ಕೈಯಲ್ಲಿದ್ದ ಡಬ್ಬಿ ನೋಡಿದಳು. ಹೊದಿಕೆಯನ್ನು ಅವನ ಎದೆಯವರೆಗೆ ಎಳೆದಳು.

"ಒಬ್ಬರನ್ನೇ ಕಳಿಸಿಬಿಟ್ಟೆಯಲ್ಲೇ" ಎಂದು ನನ್ನ ತಂಗಿ ಕೂಗಿದ ಕೂಗು ಆ ಮಹಡಿಯ ತುದಿಯವರೆಗೂ ಕೇಳಿಸಿತು.

ಮಣ್ಣು ಮಾಡಿ ಬಂದ ಮೇಲೂ ಅವಳ ಬಾಯಲ್ಲಿ ಅದೇ. ಯಾರು ಸಿಕ್ಕರೂ ಹೇಳುತ್ತಿದ್ದಳು: ಆ ನರ್ಸು ಕರೆಯಲಿಲ್ಲ, ಮರೆತಳು, ಮರೆತು ಸುಳ್ಳು ಹೇಳಿದಳು. ಮಾತು ಮೇಲಿನವರ ಕಿವಿಗೆ ಬಿದ್ದು, ಏನಾಗಿದೆ ನೋಡು ಎಂದು ಸಿಗ್ನಲ್ ಹುಡುಗಿಯನ್ನು ಕಳಿಸಿದರು. ಅವಳು ಬಂದು ಪೆಟ್ಟಿಗೆ ಪರೀಕ್ಷೆ ಮಾಡಿದಳು, ಬಿಲ್ಲೆ ಪರೀಕ್ಷೆ ಮಾಡಿದಳು. ಎರಡೂ ಸರಿಯಾಗಿದ್ದವು.

"ಆವತ್ತು ಇದನ್ನ ಎಲ್ಲಿಟ್ಟಿದ್ರಿ ಅಮ್ಮ?"

"ಎಲ್ಲೂ ಬಿಟ್ಟಿರ್ಲಿಲ್ಲ ಮಗಳೇ. ನೀನು ಹೇಳಿದ ಹಾಗೇ ಜೋಪಾನ ಮಾಡ್ದೆ. ಒಂದು ಹನಿ ತಾಗಿಸ್ಲಿಲ್ಲ. ಈ ಡಬ್ಬೀಲಿ ಹಾಕಿ ನಿನ್ನ ಪೆಟ್ಟಿಗೆ ಕೆಳಗೇ ಇಟ್ಟಿದ್ದೆ."

ಹುಡುಗಿ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳವನ್ನು ಒಮ್ಮೆ ತೆಗೆದು ಒಮ್ಮೆ ಹಾಕಿದಳು. "ಸರಿ ಅಮ್ಮ, ನೋಡ್ತೀನಿ" ಎಂದು ಅದನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಮೆಟ್ಟಿಲ ಬುಡದಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

"ಅಕ್ಕ, ಸ್ಟೀಲೊಳಗೆ ಹೋದ್ರೆ ಅದಕ್ಕೆ ಏನೂ ಕೇಳಿಸಲ್ಲ. ಎಷ್ಟು ಹತ್ರ ಇಟ್ರೂ ಅಷ್ಟೇ. ಪೆಟ್ಟಿಗೆ ಅವರ ಹೆಸರು ಕೂಗಿರುತ್ತೆ. ಬಿಲ್ಲೇನೂ ಎದ್ದೆದ್ದು ಕಿವಿಗೊಟ್ಟಿರುತ್ತೆ. ಮಧ್ಯ ಆ ಮುಚ್ಚಳ." ಅಂಗೈಯನ್ನು ಮುಚ್ಚಳದ ಹಾಗೆ ಮುಷ್ಟಿಯ ಮೇಲೆ ಒತ್ತಿ ತೋರಿಸಿದಳು. "ನೀರು ತಾಗಿಸ್ಬೇಡಿ ಅಂದೆ. ಇದನ್ನ ಹೇಳ್ಲಿಲ್ಲ. ಯಾರಾದ್ರೂ ಡಬ್ಬೀಲಿ ಇಡ್ತಾರೆ ಅಂತ ನನಗೆ ಹೇಗೆ ಹೊಳೀಬೇಕು?"

ಮೇಲಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಉದ್ದ ನರ್ಸಮ್ಮ ಕೈಯಲ್ಲಿ ಹೊದಿಕೆಗಳ ಗಂಟು ಹಿಡಿದು ಇಳಿದುಬಂದಿದ್ದಳು. ಬಟ್ಟೆಯ ಕೊಳವೆಯಲ್ಲಿ ಹಾಕಿದರೆ ಸಾಕಾಗಿದ್ದನ್ನು ತಾನೇ ತಂದಿದ್ದಳೆಂದರೆ ನನ್ನ ತಂಗಿಯನ್ನು ನೋಡಲೆಂದೇ ಬಂದಿರಬೇಕು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಮೇಲಿನವರಿಗೆ ಇದ್ದದ್ದನ್ನ ಹೇಳು" ಎಂದಳು ಹುಡುಗಿಗೆ. "ಆ ಅಮ್ಮನಿಗೆ ಮಾತ್ರ ಹೇಳ್ಬೇಡ."

"ಅವರು ನಿಮ್ಮನ್ನ ಊರೆಲ್ಲ ಬೈಕೊಂಡು ಬರ್ತಿದ್ದಾರೆ."

"ಬೈಲಿ. ಬೈಸಿಕೊಳ್ಳೋದು ನನಗೇನು ಹೊಸದಾ? ಗಂಡನೂ ಹೋದ, ನನ್ನ ಕೈಯಾರೆ ಹೀಗಾಯ್ತು ಅಂತಾನೂ ಗೊತ್ತಾದ್ರೆ ಆ ಜೀವ ತಡ್ಕೊಳ್ಳುತ್ತಾ?" ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನಿಮ್ಮ ಮನಸ್ಸಿಗೆ ಹೇಗೆ ಬರುತ್ತೋ ಹಾಗೆ ಮಾಡಿ" ಎಂದು ಗಂಟನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ಹೋದಳು.

ನಾನು ಹೇಳಲಿಲ್ಲ. ಮನೆಯಲ್ಲಿ ಪಕ್ಕಪಕ್ಕ ಮಲಗಿ ಅವಳು ಆ ನರ್ಸನ್ನು ಶಪಿಸುವಾಗ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಚಳಿ ಹೋಗಿ ಸೆಖೆ ಬಂತು. ತಂಗಿ ಕೆಲಸಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಕುಪ್ಪಳಿಸುವುದು ನಿಂತಿತ್ತು. ಲಿಫ್ಟಿಗೆ ಕಾಲಿಡುತ್ತಿರಲಿಲ್ಲ. ಎದುರಿಗೆ ಉದ್ದ ನರ್ಸಮ್ಮ ಬಂದರೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಒಮ್ಮೆ ನರ್ಸಮ್ಮ, "ಅಮ್ಮ, ನಿಮಗೊಂದು ಮಾತು ಹೇಳೋದಿತ್ತು, ಅವರದು" ಎಂದು ಹತ್ತಿರ ಬಂದಳಂತೆ. ಇವಳು ಕಿವಿ ಮುಚ್ಚಿಕೊಂಡು ಓಡಿಬಂದಳು. ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳುವುದನ್ನೂ ಬಿಟ್ಟಳು. ಅದೇ ಡಬ್ಬಿಯಲ್ಲಿ ಹಾಕಿ ಅದೇ ಹಲಗೆಯ ಮೇಲೆ ಇಡುತ್ತಿದ್ದಳು. ಮೇಸ್ತ್ರಿ ಗದರಿದರೆ, "ಇನ್ನು ನನ್ನನ್ನ ಕರೆಯೋರು ಯಾರಿದ್ದಾರೆ?" ಎನ್ನುತ್ತಿದ್ದಳು. ಬಾಯಿ ಜೋರಿನ ಮನುಷ್ಯ ಆಗ ಬೇರೆ ಕಡೆ ನೋಡುತ್ತಿದ್ದ.

ಒಂದು ಬೆಳಿಗ್ಗೆ ಬೆಂಕಿಯ ಕವಾಯತು ಇಟ್ಟುಕೊಂಡಿದ್ದರು. ಇಡೀ ಆಸ್ಪತ್ರೆಯ ಬಿಲ್ಲೆಗಳೆಲ್ಲ ಒಂದೇ ಸಲ ಕೂಗಬೇಕು, ಕೂಗಿದ ಕೂಡಲೇ ಎಲ್ಲರೂ ಬಾಗಿಲ ಬಳಿ ಹೋಗಬೇಕು. ಕೂಗಿದವು. ನನ್ನ ಕೊರಳಿನದು, ಮೇಸ್ತ್ರಿಯದು, ಅಜ್ಜಿಯದು, ಎಲ್ಲರದೂ. ಹಕ್ಕಿಗೂಡಿಗೆ ಕಲ್ಲು ಬಿದ್ದ ಹಾಗೆ ಗಲಾಟೆ.

"ಬೆಂಕಿ ಬಿದ್ರೆ ಇಲ್ಲಿಗೇ ಬರ್ಲಿ. ನಮ್ಮಲ್ಲಿ ನೀರಿಗೇನು ಬರ?" ಎಂದು ಅಜ್ಜಿ ಕೂಗಿದಳು. ಎಲ್ಲರೂ ನಗುತ್ತ ಬಾಗಿಲ ಕಡೆ ಹೊರಟರು.

ತಂಗಿ ಹೊರಡಲಿಲ್ಲ. ಹಲಗೆಯ ಕಡೆ ನೋಡುತ್ತ ನಿಂತಿದ್ದಳು. ಮೆಲ್ಲಗೆ ಹೋಗಿ, ಆ ದಿನ ಮಾಡಿದಂತೆಯೇ, ಡಬ್ಬಿಯ ಮುಚ್ಚಳಕ್ಕೆ ಕಿವಿ ಹಚ್ಚಿದಳು. ನಾನೂ ಬಾಗಿಲಿಗೆ ಹೋಗದೆ ಉಳಿದೆ. ಅವಳು ಮುಚ್ಚಳ ತೆಗೆದು ಬಿಲ್ಲೆಯನ್ನು ಕೈಗೆತ್ತಿಕೊಂಡಳು. ಅದು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಎರಡನೆಯ ಕರೆ ಬಂತು. ಅವಳ ಅಂಗೈಯಲ್ಲಿ ಅದು ಕಿರುಚಿತು. ಬೆಚ್ಚಿಬಿದ್ದಳು. ಅದು ಕೂಗುವುದು ನಿಂತ ಮೇಲೆ ಮತ್ತೆ ಡಬ್ಬಿಯೊಳಗೆ ಇಟ್ಟು, ಹೆಬ್ಬೆರಳಿನಿಂದ ಮುಚ್ಚಳ ಒತ್ತಿ, ಕಾದಳು.

ಮೂರನೆಯ ಕರೆಗೆ ನನ್ನ ಎದೆಯ ಮೇಲಿನದು ಕೂಗಿತು. ಡಬ್ಬಿ ಕೂಗಲಿಲ್ಲ.

ಹಬೆಯ ನಡುವಿಂದ ಅವಳು ನನ್ನನ್ನು ನೋಡಿದಳು. "ಅಕ್ಕಾ, ನಿನಗೆ ಗೊತ್ತಿತ್ತಾ?"

ಹೂಂ ಎಂದು ತಲೆಯಾಡಿಸಿದೆ.

"ಅವಳಿಗೆ?"

ಅದಕ್ಕೂ ತಲೆಯಾಡಿಸಿದೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಎದೆಗವುಚಿಕೊಂಡು, ಬಾಗಿಲಲ್ಲಿ ಗುಂಪುಗೂಡಿದ್ದವರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದಳು. ನನ್ನ ಮಂಡಿ ಅಷ್ಟು ಎತ್ತರ ಹತ್ತಿಸುವುದಿಲ್ಲ. ಲಿಫ್ಟಿನ ಎದುರು ಬೆಂಚಿನ ಮೇಲೆ ಕೂತೆ. ಕವಾಯತು ಮುಗಿಯಿತು, ಯಂತ್ರಗಳು ಮತ್ತೆ ತಿರುಗಿದವು, ಮೇಸ್ತ್ರಿ ಬಂದು ನನ್ನ ಮುಖ ನೋಡಿ, ತಾನೇ ಹೋಗಿ ನನ್ನ ಮೇಜಿನ ಬಳಿ ನಿಂತ.

ಬಹಳ ಹೊತ್ತಾದ ಮೇಲೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಇಬ್ಬರೂ ನಿಂತಿದ್ದರು. ಇಬ್ಬರ ಕಣ್ಣೂ ಊದಿದ್ದವು. ಮೂಲೆಯಲ್ಲಿ ಅವನ ಸ್ಟೂಲು ಇನ್ನೂ ಇತ್ತು. ತಂಗಿ ಹೊರಗೆ ಬಂದಳು.

"ಬರ್ತೀನಿ ಅಮ್ಮ" ಎಂದು ನರ್ಸಮ್ಮ ಗುಂಡಿಗೆ ಕೈ ಇಟ್ಟಳು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತಂಗಿ ಥಟ್ಟನೆ ಕೈ ಅಡ್ಡ ಇಟ್ಟಳು.

"ಒಬ್ಬಳೇ ಹೋಗ್ತೀಯಾ?" ಎಂದು ಮತ್ತೆ ಒಳಗೆ ಹೋದಳು. ಮೇಲಿನವರೆಗೆ ಬಿಟ್ಟು, ಮೆಟ್ಟಿಲಿಳಿದು ಬಂದಳು.

ಸಂಜೆ ಮನೆಗೆ ನಡೆದು ಹೋಗುವಾಗ ಮನೆಯ ಬೀದಿಯ ತಿರುವಿನಲ್ಲಿ, ಅಂಗಡಿಯವನು ಬಾಗಿಲೆಳೆಯುತ್ತಿದ್ದಾಗ, ತಂಗಿ ತಾನಾಗಿ ಬಾಯಿ ಬಿಟ್ಟಳು. ಬಿಳಿ ಪೆಟ್ಟಿಗೆ ಆ ಕರೆಯನ್ನು ಎಂದೋ ಬಿಸಾಕಿತ್ತು; ಅವನ ಕೊನೆಯ ಮಾತನ್ನು ಆ ನರ್ಸಮ್ಮ ಇಷ್ಟು ದಿನ ಎತ್ತಿಟ್ಟುಕೊಂಡಿದ್ದಳು.

ಆ ಮಧ್ಯಾಹ್ನ ಅವನಿಗೆ ಉಸಿರು ಸಿಗದಾದಾಗ ನರ್ಸಮ್ಮ ಒಂದು ಕೈಯಲ್ಲಿ ಗುಂಡಿ ಒತ್ತುತ್ತಿದ್ದಳಂತೆ. ಇನ್ನೊಂದು ಕೈಯನ್ನು ಅವನು ಹಿಡಿದುಕೊಂಡಿದ್ದ. ಬಿಡುತ್ತಿರಲಿಲ್ಲ. "ಗುಬ್ಬಿ ಬಂದ್ಲಾ?" ಎಂದು ಕೇಳಿದ. "ಬರ್ತಿದ್ದಾರೆ, ಮೆಟ್ಟಿಲು ಹತ್ತುತ್ತಿದ್ದಾರೆ" ಎಂದಳು. ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದಳು. ಆಮೇಲೆ ಅವನ ಕಣ್ಣಿಗೆ ಏನೂ ಕಾಣದಾಯಿತು. ಹಿಡಿದ ಕೈಯನ್ನು ಬೆರಳಿನಿಂದ ಸವರಿ ನೋಡಿದ.

"ಕೈ ಒಣಗಿದೆಯಲ್ಲ ಗುಬ್ಬಿ" ಎಂದನಂತೆ. "ಕೆಲಸ ಬಿಟ್ಟು ಬಂದ್ಯಾ?"

ನರ್ಸಮ್ಮ ಏನು ಹೇಳಬೇಕೆಂದು ತಿಳಿಯದೆ, "ಹೂಂ ರೀ, ಒರೆಸ್ಕೊಂಡು ಬಂದೆ" ಎಂದಳು.

ಅಷ್ಟು ಹೇಳಿ ತಂಗಿ ಬೀದಿಯ ನಡುವೆ ನಿಂತುಬಿಟ್ಟಳು. ಎರಡು ಕೈಗಳನ್ನೂ ಮುಂದೆ ಚಾಚಿ ನೋಡಿಕೊಂಡಳು. ನಮ್ಮ ಕೈಗಳು ಯಾವಾಗಲೂ ನೀರಿನಲ್ಲಿ ನೆನೆದು ಸುಕ್ಕುಗಟ್ಟಿ ತಣ್ಣಗಿರುತ್ತವೆ. ಯಾರ ಕೈಯಲ್ಲಿಟ್ಟರೂ ಗೊತ್ತಾಗುತ್ತದೆ.

"ನಾನಲ್ಲ ಅಂತ ಗೊತ್ತಾಗಿರುತ್ತಾ ಅಕ್ಕ ಅವರಿಗೆ?"

ಅವಳು ಕೈಗಳನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು. ಅಂಗೈ ಒರೆಸಿ, ಹಿಂಗೈ ಒರೆಸಿ, ಬೆರಳು ಬೆರಳಿನ ಸಂದಿಯನ್ನೂ ಒರೆಸಿ, ನನ್ನ ಕೈಯನ್ನು ಹಿಡಿದುಕೊಂಡಳು. ಹಾಗೇ ಮನೆಗೆ ನಡೆದೆವು.